ಚೆಸಪೀಕ್ ದಂಡೆಯಲ್ಲಿ ಶಾರ್ಕ್ ಹಲ್ಲು ಆರಿಸುವುದು

ಶಾರ್ಕ್ ಹಲ್ಲು ಹುಡುಕಲು ಹೋಗುತ್ತೇವೆ ಅಂದರೆ ಊರಿನ ನೆಂಟರು ಮೊದಲು ಕೇಳುವುದು ‘ದೋಣಿ ಹತ್ತಿ ಹೋಗ್ತೀರಾ?’ ಅಂತ. ದೋಣಿ ಬೇಡ, ಗುದ್ದಲಿಯೂ ಬೇಡ. ಮೊಣಕಾಲಿನ ತನಕ ಒದ್ದೆಯಾದರೆ ಸಾಕು. ನಾವಿರುವುದು ಅಮೆರಿಕದ ವರ್ಜೀನಿಯಾದಲ್ಲಿ. ಅಲ್ಲಿಂದ ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ಕೌಂಟಿಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಚೆಸಪೀಕ್ ಕೊಲ್ಲಿಯ ಪಶ್ಚಿಮ ದಂಡೆಯ ಉದ್ದಕ್ಕೂ ಅಲ್ಲಿ ಎತ್ತರದ ದರೆ ನಿಂತಿದೆ, ಕೆಲವು ಕಡೆ 100 ಅಡಿಗೂ ಜಾಸ್ತಿ. ಕ್ಯಾಲ್ವರ್ಟ್ ಕ್ಲಿಫ್ಸ್ ಅಂತ ಹೆಸರು. 1608ರಲ್ಲಿ ಈ ಕೊಲ್ಲಿಯನ್ನು ಸುತ್ತಿ ನೋಡಿದ ಕ್ಯಾಪ್ಟನ್ ಜಾನ್ ಸ್ಮಿತ್ ಇದಕ್ಕೆ ತನ್ನ ತಾಯಿಯ ತವರಿನ ಹೆಸರಿಟ್ಟಿದ್ದ. ಅದು ನಿಲ್ಲಲಿಲ್ಲ.

ಕ್ಲಿಫ್ ಅಂದ ತಕ್ಷಣ ಕರಿಬಂಡೆ ಅಂದುಕೊಳ್ಳಬೇಡಿ. ಇದು ಮರಳು, ಜೇಡಿಮಣ್ಣು, ಚಿಪ್ಪು ಪದರ ಪದರವಾಗಿ ಕೂತ ಮಣ್ಣಿನ ಗೋಡೆ. ಸುಮಾರು 80 ಲಕ್ಷದಿಂದ 1 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಯೋಸೀನ್ ಕಾಲದಲ್ಲಿ, ಈ ಜಾಗವೆಲ್ಲ ಆಳವಿಲ್ಲದ ಬೆಚ್ಚಗಿನ ಸಮುದ್ರ. ತಿಮಿಂಗಿಲ, ಡಾಲ್ಫಿನ್, ಆಮೆ, ಮೊಸಳೆ, ಇವುಗಳ ನಡುವೆ ಹತ್ತಾರು ಬಗೆಯ ಶಾರ್ಕ್. ಶಾರ್ಕ್‌ಗೆ ಗಟ್ಟಿ ಮೂಳೆ ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೆದು ಮೂಳೆ ಮಾತ್ರ. ಸತ್ತ ಮೇಲೆ ಅದು ಹೆಚ್ಚಾಗಿ ಕರಗಿಹೋಗುತ್ತದೆ. ಉಳಿಯುವುದು ಹಲ್ಲು. ಒಂದು ಬಿದ್ದರೆ ಹಿಂದಿನ ಸಾಲಿನಿಂದ ಇನ್ನೊಂದು ಮುಂದೆ ಬರುತ್ತದೆ. ಒಂದೊಂದು ಶಾರ್ಕ್ ತನ್ನ ಆಯಸ್ಸಿನಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಅಷ್ಟು ವರ್ಷ, ಅಷ್ಟು ಶಾರ್ಕ್. ಹಲ್ಲು ಸಿಗುವುದರಲ್ಲಿ ಆಶ್ಚರ್ಯ ಏನಿದೆ?

ಅಗೆಯುವ ಕೆಲಸ ಕೊಲ್ಲಿಯದ್ದು. ಅಲೆ ದರೆಯ ಬುಡ ಕೊರೆಯುತ್ತದೆ. ಚಳಿಗಾಲದಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಮಣ್ಣನ್ನು ಸೀಳುತ್ತದೆ. ಒಂದು ದಿನ ದೊಡ್ಡ ಹೆಂಟೆ ಧೊಪ್ಪನೆ ಬೀಳುತ್ತದೆ. ಆಮೇಲೆ ನೀರು ಅದನ್ನು ತೊಳೆದು, ಜೇಡಿಯನ್ನು ಒಯ್ದು, ತೂಕದ ಚೂರುಗಳನ್ನು ದಂಡೆಯಲ್ಲಿ ಬಿಟ್ಟು ಹೋಗುತ್ತದೆ. ನಾವು ಆರಿಸುವುದು ಅದನ್ನು.

ಹಾಗಾಗಿ ನಮ್ಮ ಮನೆಯ ಮೊದಲ ನಿಯಮ, ದರೆಯ ಬುಡಕ್ಕೆ ಯಾರೂ ಹೋಗಬಾರದು. ಮಲೆನಾಡಿನವರಿಗೆ ದರೆ ಕುಸಿಯುವುದು ಅಂದರೇನು ಅಂತ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಮಳೆ ಹಿಡಿದು ಬಾರಿಸಿದಾಗ ನಮಗೇ ಭಯ ಶುರುವಾಗುತ್ತದೆ. ಇಲ್ಲಿ ಬಿಸಿಲು ಫಳಫಳ ಹೊಳೆಯುವ ದಿನವೂ ಬೀಳುತ್ತದೆ. ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕ್‌ನಲ್ಲಿ ದರೆಯ ಕೆಳಗೆ ನಡೆಯುವುದಕ್ಕೂ, ಅದನ್ನು ಅಗೆಯುವುದಕ್ಕೂ ನಿಷೇಧ ಇದೆ. ದಂಡೆಯಲ್ಲಿ ಬಿದ್ದಿದ್ದನ್ನು ಆರಿಸಿ ಮನೆಗೆ ತರಬಹುದು. ದರೆಯನ್ನು ಕೆರೆಯಬಾರದು ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ, ಪ್ಯೂರಿಟನ್ ಟೈಗರ್ ಬೀಟಲ್ ಎಂಬ ಸಣ್ಣ ಜೀರುಂಡೆ. ಅದರ ಮರಿಗಳು ಈ ಬೋಳು ದರೆಯಲ್ಲೇ ಬಿಲ ಕೊರೆದು ಬೆಳೆಯುತ್ತವೆ. 1990ರಿಂದ ಅದು ಅಮೆರಿಕ ಸರ್ಕಾರದ ರಕ್ಷಿತ ಜೀವಿಗಳ ಪಟ್ಟಿಯಲ್ಲಿದೆ. ದರೆಯ ಮೇಲೆ ಮನೆ ಕಟ್ಟಿಕೊಂಡವರಿಗೆ ಮಣ್ಣು ನಿಲ್ಲಬೇಕು, ಹುಳಕ್ಕೆ ಮಣ್ಣು ಜಾರುತ್ತಲೇ ಇರಬೇಕು. ಗಿಡ ಬೆಳೆದು ಹಸಿರಾದರೆ ಅದಕ್ಕೆ ಜಾಗ ಇಲ್ಲ. ನನ್ನ ಮಗಳು ಹುಳದ ಪಕ್ಷ. ಹಲ್ಲು ಆರಿಸುವ ನಾನೂ ಅದೇ ಪಕ್ಷ ಅಲ್ವಾ?

ಯಾವ ದಂಡೆಗೆ ಹೋಗಬೇಕು ಅನ್ನುವುದು ಜೊತೆಗೆ ಯಾರಿದ್ದಾರೆ ಅನ್ನುವುದರ ಮೇಲೆ. ಸ್ಟೇಟ್ ಪಾರ್ಕ್‌ನಲ್ಲಿ ಕಾರು ನಿಲ್ಲಿಸಿ ಕಾಡಿನೊಳಗೆ 1.8 ಮೈಲಿ ನಡೆಯಬೇಕು, ವಾಪಸ್ ಮತ್ತೆ ಅಷ್ಟೇ. ದಾರಿ ಚೆನ್ನಾಗಿದೆ, ಬೀವರ್‌ಗಳು ಅಣೆ ಕಟ್ಟಿದ ಜೌಗು ಸಿಗುತ್ತದೆ. ಆದರೆ ಸಂಜೆ ಮಗುವನ್ನು ಹೆಗಲ ಮೇಲೆ ಹೊತ್ತು ಬರುವಾಗ ಆ ಚೆಂದ ಕಾಣಿಸುವುದಿಲ್ಲ. ಊರಿನಿಂದ ಅಮ್ಮ ಬಂದಿದ್ದಾಗ ನಾವು ಆರಿಸಿಕೊಂಡಿದ್ದು ಪಕ್ಕದ ಫ್ಲ್ಯಾಗ್ ಪಾಂಡ್ಸ್. ಅಲ್ಲಿ ನಡೆಯುವುದು ಅರ್ಧ ಮೈಲಿ ಅಷ್ಟೇ. ಕೌಂಟಿಯವರಲ್ಲದವರಿಗೆ ಶುಲ್ಕ ಜಾಸ್ತಿ, ಕೊಡಬಹುದು.

ಸಾಮಾನು ಅಂದರೆ ಅಡುಗೆಮನೆಯ ಜರಡಿ, ಮಕ್ಕಳ ಮರಳಾಟದ ಸಲಿಕೆ, ಮುಚ್ಚಳ ಗಟ್ಟಿಯಾಗಿರುವ ಹಳೆಯ ಮಾತ್ರೆ ಡಬ್ಬಿ. ಕಾಲು ಇಂಚು ಕಣ್ಣಿನ ಜಾಲರಿ ಹಾಕಿದ ಮರದ ಚೌಕಟ್ಟು ಹೊತ್ತು ತರುವವರೂ ಇದ್ದಾರೆ. ನನಗೆ ಅದು ಬೇಕು ಅನ್ನಿಸಿಲ್ಲ. ಇದು ಕಣ್ಣಿನ ಕೆಲಸ. ಅಮ್ಮ ಮೊದಲ ದಿನವೇ ಅದನ್ನು ತೋರಿಸಿದರು. ಅಲೆ ಬಂದು ಹಿಂದೆ ಸರಿಯುವ ಅಂಚಿನಲ್ಲಿ ಸಣ್ಣ ಕಲ್ಲು, ಚಿಪ್ಪಿನ ಚೂರು ಒಂದು ಗೆರೆಯಾಗಿ ಕೂತಿರುತ್ತವೆ. ಅಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಎತ್ತಿ ಅಂಗೈ ಮೇಲೆ ಹರಡಿ, ಬೆರಳ ತುದಿಯಲ್ಲಿ ಸರಿಸುತ್ತ ಹೋದರು, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಹಾಗೆ. ನಾವು ಎದ್ದು ನಿಂತು ದಂಡೆಯೆಲ್ಲ ಅಳೆಯುತ್ತಿದ್ದೆವು. ಅವರು ಕೂತ ಜಾಗ ಬಿಡಲಿಲ್ಲ, ಡಬ್ಬಿ ಮೊದಲು ತುಂಬಿದ್ದು ಅವರದ್ದೇ.

ಕಣ್ಣು ಹುಡುಕಬೇಕಾದದ್ದು ಬಣ್ಣವನ್ನಲ್ಲ, ಹೊಳಪು ಮತ್ತು ಆಕಾರವನ್ನು. ಮಣ್ಣಿನ ಖನಿಜ ಹೀರಿಕೊಂಡ ಹಲ್ಲು ಕಪ್ಪು, ಬೂದು, ಕಂದು, ನಸು ಕಿತ್ತಳೆ ಹೇಗೆ ಬೇಕಾದರೂ ಇರಬಹುದು. ಬಣ್ಣ ನೋಡಿ ವಯಸ್ಸು ಹೇಳಲು ಆಗುವುದಿಲ್ಲ. ಆದರೆ ಹಲ್ಲಿನ ಮೇಲ್ಭಾಗ ಒದ್ದೆಯಾದಾಗ ಗಾಜಿನ ನಯದಲ್ಲಿ ಮಿಂಚುತ್ತದೆ, ಬೇರಿನ ಭಾಗ ಮಂಕಾಗಿರುತ್ತದೆ. ಈ ಎರಡು ಒಂದೇ ಚೂರಿನಲ್ಲಿ ಕಂಡರೆ ಎತ್ತಿಕೊಳ್ಳಿ. ಸಿಗುವುದರಲ್ಲಿ ಹೆಚ್ಚಿನವು ಅರ್ಧ ಇಂಚಿಗೂ ಕಡಿಮೆ. ಪಟ್ಟಿಯಂತಿದ್ದು ಒಂದು ಬದಿಯಲ್ಲಿ ಬಾಚಣಿಗೆ ಗೀರು ಇರುವ ಕಪ್ಪು ತುಂಡು ಸಿಕ್ಕಿದರೆ ಅದು ತೊರಕೆ ಮೀನಿನ ದಂತಫಲಕ. ಮಕ್ಕಳು ಅದನ್ನು ಕಲ್ಲು ಅಂತ ಎಸೆಯುತ್ತಾರೆ, ನೋಡಿಕೊಂಡಿರಿ.

ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟವಾದದ್ದು ಹೆಮಿಪ್ರಿಸ್ಟಿಸ್ ಸೆರ್ರಾ. ಇಲ್ಲಿನವರು ಸ್ನ್ಯಾಗಲ್‌ಟೂತ್ ಅನ್ನುತ್ತಾರೆ. ನನ್ನ ಮಗ ಎತ್ತಿದ ಒಂದು ಈಗಲೂ ಮೇಜಿನ ಮೇಲಿದೆ. ಒಂದು ಇಂಚಿನಷ್ಟು ಅಗಲ, ನೀಲಿ ಬೆರೆತ ಬೂದು ಬಣ್ಣ, ತುದಿ ಒಂದು ಕಡೆಗೆ ಬಾಗಿದೆ. ಬಾಗಿದ ಒಳಬದಿಯಲ್ಲಿ ಒರಟು ಗರಗಸದ ಹಲ್ಲುಗಳು, ಕೆಳಗಿಂದ ಮೇಲಕ್ಕೆ ದೊಡ್ಡದಾಗುತ್ತ ಹೋಗಿ ತುದಿಗೆ ಸ್ವಲ್ಪ ಮುಂಚೆ ಥಟ್ಟನೆ ನಿಂತುಬಿಡುತ್ತವೆ. ಇಷ್ಟು ಲಕ್ಷ ವರ್ಷ ಕಳೆದರೂ ಹೆಬ್ಬೆರಳು ಎಳೆದರೆ ಚುರ್ರೆನ್ನುತ್ತದೆ. ಇದು ಮೇಲ್ದವಡೆಯದ್ದು, ಕೊಯ್ಯಲು. ಕೆಳದವಡೆಯದ್ದು ಸೂಜಿಯಂತೆ ಸಣ್ಣ, ಹಿಡಿದುಕೊಳ್ಳಲು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಬಾಯಿಯವು ಅಂತ ಯಾರೂ ನಂಬುವುದಿಲ್ಲ. ಈ ವಂಶದ ಒಂದು ಶಾರ್ಕ್ ಇಂದಿಗೂ ಬದುಕಿದೆ, ಅಟ್ಲಾಂಟಿಕ್‌ನಲ್ಲಿ ಅಲ್ಲ, ನಮ್ಮ ಹಿಂದೂ ಮಹಾಸಾಗರದ ಕಡೆ.

ಇದನ್ನು ಕೇಳಿ ಅಮ್ಮ, ‘ಹಾಗಾದ್ರೆ ಮುರ್ಡೇಶ್ವರದಲ್ಲೂ ಹುಡುಕಬಹುದಲ್ಲ?’ ಅಂದರು. ಇಲ್ಲ. ಕರ್ನಾಟಕದ ಬಹುಪಾಲು ಬಂಡೆ ಭೂಮಿಯ ಮೇಲೆ ಮೀನು ಎಂಬುದು ಹುಟ್ಟುವುದಕ್ಕೂ ಎಷ್ಟೋ ಹಿಂದಿನದು. ಆದರೆ ತಮಿಳುನಾಡಿನ ಅರಿಯಲೂರಿನ ಕಡೆ ಡೈನೊಸಾರ್ ಕಾಲದ ಕಡಲಿನ ಪದರಗಳಿವೆ, ಒಡಿಶಾದ ಬಾರಿಪದದಲ್ಲಿ ಮಯೋಸೀನ್ ಪದರಗಳೇ ಇವೆ. ಎರಡೂ ಕಡೆ ಶಾರ್ಕ್ ಹಲ್ಲು ಸಿಕ್ಕಿವೆ.

ಹೊತ್ತು ನೋಡಿ ಹೋಗುವುದು ಮುಖ್ಯ. ಈ ಭಾಗದಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಒಂದಡಿ ಆಸುಪಾಸು, ಅದಕ್ಕಿಂತ ಗಾಳಿಯ ಮಾತು ಜಾಸ್ತಿ ನಡೆಯುತ್ತದೆ. ಮೂಡಣ ಗಾಳಿ ಬೀಸಿದರೆ ಅಲೆ ದರೆಗೇ ಬಡಿದು ಹೊಸ ಮಣ್ಣು ಕೆಡವುತ್ತದೆ. ಆಮೇಲೆ ವಾಯವ್ಯದ ಗಾಳಿ ತಿರುಗಿದರೆ ಕೊಲ್ಲಿಯ ನೀರನ್ನೇ ಹೊರಗೆ ತಳ್ಳಿ ದಂಡೆ ಅಗಲವಾಗುತ್ತದೆ. ಬಿರುಗಾಳಿ ಕಳೆದ ಮರುದಿನ, ಇಳಿತದ ಹೊತ್ತು, ಬೆಳಗಿನ ಜಾವ, ಇಷ್ಟು ಕೂಡಿದರೆ ನಾವು ಪುಳಿಯೋಗರೆ ಕಟ್ಟಿಕೊಂಡು ಹೊರಟುಬಿಡುತ್ತೇವೆ. ಬೇಸಿಗೆಯಲ್ಲಿ ಜನ ಜಾಸ್ತಿ, ನೀರಿನಲ್ಲಿ ಸೀ ನೆಟಲ್ ಎಂಬ ಕುಟುಕುವ ಅಂಬಲಿ ಮೀನೂ ಜಾಸ್ತಿ. ಜನವರಿಯಲ್ಲಿ ಬೆರಳು ಮರಗಟ್ಟುತ್ತದೆ, ಆದರೆ ಇಡೀ ದಂಡೆ ನಿಮ್ಮದೇ.

ಮನೆಗೆ ತಂದ ಮೇಲೆ ಸಿಹಿನೀರು, ಹಳೆಯ ಮೆದು ಹಲ್ಲುಜ್ಜುವ ಬ್ರಷ್, ಅಷ್ಟೇ. ವಿನೆಗರ್, ನಿಂಬೆಹಣ್ಣು ಮುಟ್ಟಿಸಬೇಡಿ. ಹುಳಿ ತಾಗಿದರೆ ಹಲ್ಲು ಸವೆಯುತ್ತದೆ. ಸಿಕ್ಕ ಜಾಗ, ತಾರೀಖು ಬರೆದ ಚೀಟಿ ಡಬ್ಬಿಯೊಳಗೆ ಹಾಕಿಡಿ. ಚೀಟಿ ಇಲ್ಲದ ಹಲ್ಲು ಸುಮ್ನೆ ಆಟದ ಸಾಮಾನು.

ಗುರುತು ಹತ್ತದ್ದನ್ನು ಸಾಲಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಂಗೆ ಒಯ್ಯುತ್ತೇವೆ. ದರೆಯಲ್ಲಿ ದೊಡ್ಡ ಮೂಳೆ ಇಣುಕಿದ್ದು ಕಂಡರೂ ಅಷ್ಟೇ, ದೂರದಿಂದ ಫೋಟೊ ತೆಗೆದು ಅವರಿಗೆ ತಿಳಿಸಬೇಕು, ಕೈ ಹಾಕಬಾರದು. ಅಲ್ಲಿ ಮೆಗಲಡಾನ್ ಎಂಬ ದೈತ್ಯ ಶಾರ್ಕ್‌ನ ಅಸ್ಥಿಪಂಜರದ ಮಾದರಿ ತೂಗುಹಾಕಿದ್ದಾರೆ. ನಮಗೆ ಇಲ್ಲಿಯತನಕ ದಕ್ಕಿದ್ದು ಅದರ ಹಲ್ಲಿನ ಒಂದು ಅಂಚಿನ ಚೂರು, ಸಣ್ಣ ಗರಗಸದ ಗುರುತು ಕಾಣುವಷ್ಟು ಮಾತ್ರ. ಮಕ್ಕಳಿದ್ದರೆ ಬೆಳಿಗ್ಗೆ ದಂಡೆ, ಮಧ್ಯಾಹ್ನ ಮ್ಯೂಸಿಯಂ ಇಟ್ಟುಕೊಳ್ಳಿ. ಮೊದಲೇ ಆ ಬಾಯಿ ತೋರಿಸಿಬಿಟ್ಟರೆ, ಆಮೇಲೆ ಅಂಗೈ ಅಗಲಕ್ಕಿಂತ ಚಿಕ್ಕದನ್ನು ಅವರು ಬಗ್ಗಿ ಎತ್ತುವುದೇ ಇಲ್ಲ.