ಮೊದಲು ಫಾಲುಟ್‌ನ ಹಾಸಿಗೆ, ಆಮೇಲೆ ರೈಲಿನ ಟಿಕೆಟ್

ನಮ್ಮ ರಾಯಚೂರು ಕಡೆಯವರು ಡಾರ್ಜಿಲಿಂಗ್ ಬಳಿ ನೇಪಾಳ ಗಡಿಯಲ್ಲಿರುವ ಸಂದಕ್‌ಫು–ಫಾಲುಟ್ ಚಾರಣಕ್ಕೆ ಹೊರಟರೆ ಮೊದಲು ರಜೆ ನೋಡುತ್ತಾರೆ, ಆಮೇಲೆ ರೈಲು, ಕೊನೆಗೆ ಮಲಗುವ ಜಾಗ. ನಾವು ಇದನ್ನು ತಿರುವಿ ಹಾಕಿದೆವು. ಸಿಂಗಾಲೀಲಾ ಗುಡ್ಡದ ಬೆನ್ನ ಮೇಲೆ ಟೆಂಟು ಹೊರಬೇಕಿಲ್ಲ, ಒಲೆ ಹೊರಬೇಕಿಲ್ಲ. ಪ್ರತಿ ರಾತ್ರಿ ಯಾವುದಾದರೂ ಲಾಡ್ಜು, ಹೋಮ್‌ಸ್ಟೇ ಇಲ್ಲವೇ ಟ್ರೆಕ್ಕರ್ಸ್ ಹಟ್‌ನಲ್ಲಿ ಬಿಸಿ ಊಟ, ದಪ್ಪ ರಜಾಯಿ ಸಿಗುತ್ತದೆ. ಆದರೆ ಎಲ್ಲ ಊರಲ್ಲೂ ಒಂದೇ ಲೆಕ್ಕದಲ್ಲಿ ಸಿಗುವುದಿಲ್ಲ. ತುಮ್ಲಿಂಗ್, ಕಾಲಿಪೋಖ್ರಿ, ಸಂದಕ್‌ಫುಗಳಲ್ಲಿ ಒಂದಲ್ಲ ಒಂದು ಬಾಗಿಲು ತೆರೆದಿರುತ್ತದೆ. ಫಾಲುಟ್‌ನಲ್ಲಿ ಹಾಗಲ್ಲ, ಅಲ್ಲಿ ಹಾಸಿಗೆಗಳೇ ಕಡಿಮೆ. ಅದು ಸಿಗದಿದ್ದರೆ ಸಂದಕ್‌ಫುನಿಂದ 21 ಕಿ.ಮೀ. ನಡೆದು ಬಂದ ಕಾಲಲ್ಲೇ ಕಾಡಿನೊಳಗೆ ಇನ್ನೂ 15 ಕಿ.ಮೀ. ಇಳಿದು ಮುಂದಿನ ಊರು ಗೋರ್ಖೆ ಸೇರಬೇಕು, ಅದು ಆಗುವ ಮಾತಲ್ಲ. ಹಾಗಾಗಿ ಫಾಲುಟ್‌ನ ರಾತ್ರಿ ಯಾವ ತಾರೀಕು ಎಂಬುದು ಮೊದಲು ಗಟ್ಟಿಯಾಗಬೇಕು. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿದರೆ ಆಯಿತು.

ತಾರೀಕಿನ ವಿಷಯದಲ್ಲಿ ನಮ್ಮವರು, ಅದರಲ್ಲೂ ಶಾಲೆ-ಕಾಲೇಜಿನ ಮೇಷ್ಟ್ರುಗಳು, ತಪ್ಪುವುದು ದಸರಾ ರಜೆಯಲ್ಲಿ. ನಮಗೆ ದಸರಾ ಅಂದರೆ ಬಂಗಾಳಿಗಳಿಗೆ ದುರ್ಗಾಪೂಜೆ. ಇಡೀ ಕಲ್ಕತ್ತಾ ಡಾರ್ಜಿಲಿಂಗ್ ಗುಡ್ಡ ಹತ್ತುವ ಕಾಲ ಅದು. ರೈಲಿಲ್ಲ, ಜೀಪಿಲ್ಲ, ಹಾಸಿಗೆಯಂತೂ ಇಲ್ಲವೇ ಇಲ್ಲ. ಕಾಳಿಪೂಜೆ, ಅಂದರೆ ನಮ್ಮ ದೀಪಾವಳಿ, ಮುಗಿದ ಮೇಲಿನ ನವೆಂಬರ್ ಒಳ್ಳೆಯದು. ಆಕಾಶ ತೊಳೆದಿಟ್ಟ ಹಾಗಿರುತ್ತದೆ, ಕಾಂಚನಜುಂಗಾ ಬೆಳಿಗ್ಗೆ ಮುಖ ತೋರಿಸುತ್ತದೆ. ಏಪ್ರಿಲ್‌ನಲ್ಲಿ ಗುರಾಸ್, ಅಂದರೆ ರೋಡೊಡೆಂಡ್ರಾನ್, ಹೂವು ಚೆಂದ, ಆದರೆ ಮಂಜು ಮುಸುಕುವುದು ಜಾಸ್ತಿ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನ ಮುಚ್ಚಿರುತ್ತದೆ.

ಉದ್ಯಾನದೊಳಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಗೈಡ್‌ಗಳು ಸಿಗುವುದು ನಡಿಗೆ ಶುರುವಾಗುವ ಊರು ಮಾನೆಭಂಜನ್‌ನಲ್ಲಿ. ಅಲ್ಲಿಗೆ ಹೋಗಿ ಹುಡುಕುವುದಕ್ಕಿಂತ ಎರಡು ತಿಂಗಳು ಮೊದಲೇ ಫೋನಿನಲ್ಲಿ ಒಬ್ಬರನ್ನು ಗೊತ್ತುಮಾಡಿಕೊಂಡರೆ ಹಾಸಿಗೆಗಳನ್ನೂ ಅವರೇ ಹಿಡಿಸಿಡುತ್ತಾರೆ. ಅವರೆಲ್ಲರಿಗೂ ಹಿಂದಿ ಬರುತ್ತದೆ. 'ಫಾಲುಟ್ ಪಕ್ಕಾ ಆಯ್ತಾ ದಾಜು?' ಎಂದು ಎರಡು ಸಲ ಕೇಳಿ, ಹೌದು ಅಂದ ಮೇಲೆಯೇ ನಾವು ರೈಲಿನ ಟಿಕೆಟ್‌ಗೆ ಕೈ ಹಾಕಿದ್ದು. ದಾಜು ಎಂದರೆ ನೇಪಾಳಿಯಲ್ಲಿ ಅಣ್ಣ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುವುದರಿಂದ ಎರಡೂ ಕೆಲಸ ಒಂದೇ ವಾರದಲ್ಲಿ ಮುಗಿಯುತ್ತವೆ.

ರಾಯಚೂರಿನಿಂದ ಬೆಳಗಿನ ಗಾಡಿಗೆ ಸಿಕಂದರಾಬಾದ್, ಅಲ್ಲಿಂದ ಸಂಜೆಯ ಫಲಕ್‌ನುಮಾ ಎಕ್ಸ್‌ಪ್ರೆಸ್‌ನಲ್ಲಿ ಕಲ್ಕತ್ತಾದ ಹೌರಾ, ಸಿಯಾಲ್ದಾದಿಂದ ರಾತ್ರಿಯ ಡಾರ್ಜಿಲಿಂಗ್ ಮೇಲ್ ಹಿಡಿದರೆ ಮೂರನೇ ದಿನ ಬೆಳಿಗ್ಗೆ ನ್ಯೂ ಜಲ್‌ಪೈಗುಡಿ, ಅಂದರೆ ಸಿಲಿಗುಡಿಯ ರೈಲು ನಿಲ್ದಾಣ. ಬಳ್ಳಾರಿ, ಕೊಪ್ಪಳದವರು ಗುಂತಕಲ್ ಮೇಲೆ ಬಂದು ಕೂಡಿಕೊಳ್ಳಬಹುದು. ಇದರಲ್ಲಿ ತೂತು ಇರುವುದು ಹೌರಾದಲ್ಲಿ. ಎರಡು ಗಾಡಿಗಳ ನಡುವೆ ನಾಲ್ಕು ತಾಸು ಮಾತ್ರ, ಊರೊಳಗೆ ನಿಲ್ದಾಣ ಬೇರೆ ಬದಲಿಸಬೇಕು. ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ ಮೊದಲ ಗಾಡಿ ತಡವಾಗಿ ಮುಂದಿನದು ತಪ್ಪಿದಾಗ ದುಡ್ಡು ವಾಪಸ್ ಬರುವುದಿಲ್ಲ. ಕಲ್ಕತ್ತಾದಲ್ಲಿ ಒಂದು ರಾತ್ರಿ ತಂಗಿ ಮರುದಿನ ಹೊರಡುವುದೇ ನೆಮ್ಮದಿ. ದುಡ್ಡು ಇದ್ದವರಿಗೆ ಹೈದರಾಬಾದ್‌ನಿಂದ ಸಿಲಿಗುಡಿ ಹತ್ತಿರದ ಬಾಗ್‌ಡೋಗ್ರಾಕ್ಕೆ ವಿಮಾನ ಇದೆ. ಸಿಲಿಗುಡಿಯಿಂದ ಮಿರಿಕ್, ಸುಖಿಯಾ ಪೋಖ್ರಿ ದಾರಿಯಲ್ಲಿ ಮಾನೆಭಂಜನ್ ಜೀಪಿಗೆ ನಾಲ್ಕು ತಾಸು. ನಗದನ್ನು ಸಿಲಿಗುಡಿಯಲ್ಲೇ ತೆಗೆದಿಟ್ಟುಕೊಳ್ಳಬೇಕು. ನಾವು ತಲೆಗೆ ದಿನಕ್ಕೆ 2,000 ರೂಪಾಯಿ ಲೆಕ್ಕ ಹಾಕಿ, ಹೆಚ್ಚಿನದನ್ನು ನೂರರ ನೋಟುಗಳಲ್ಲೇ ಇಟ್ಟುಕೊಂಡಿದ್ದೆವು. ಬಿಸಿನೀರಿನ ಬಕೆಟ್ಟು, ಮೊಬೈಲ್ ಚಾರ್ಜಿಂಗು ಅಂತ ಚಿಲ್ಲರೆ ಖರ್ಚು ಬರುತ್ತಲೇ ಇರುತ್ತದೆ.

ನಡಿಗೆಯ ಲೆಕ್ಕವನ್ನು ಕಿ.ಮೀ.ಗಿಂತ ಎತ್ತರದಲ್ಲಿ ಹಾಕಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಯಿಂದ ರಾತ್ರಿಗೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ನಮ್ಮ ರಾಯಚೂರು ಇರುವುದು ಸಮುದ್ರಮಟ್ಟದಿಂದ 400 ಮೀಟರ್ ಆಸುಪಾಸು, ಆದ್ದರಿಂದ ಮಾನೆಭಂಜನ್‌ನ 2,150ರಲ್ಲಿ ಮೊದಲ ರಾತ್ರಿ ಕಳೆದೇ ಹೊರಡಬೇಕು. ಮರುದಿನ ತುಮ್ಲಿಂಗ್ 2,970. ಮಾರನೆಯ ದಿನ ಕಾಲಿಪೋಖ್ರಿ, ಸುಮಾರು 3,180. ಬರೀ ಇನ್ನೂರು ಮೀಟರ್ ಏರಿಕೆ ಅಂತ ಇಲ್ಲಿ ಮೋಸಹೋಗಬಾರದು: ನಡುವೆ ಗೈರಿಬಾಸ್‌ಗೆ 2,620ರವರೆಗೆ ಇಳಿದು ಮತ್ತೆ ಹತ್ತಬೇಕು, ಅಂದರೆ ನಿಜವಾದ ಏರು ಐನೂರರ ಮೇಲೆ. ಅಲ್ಲಿಂದ ಸಂದಕ್‌ಫುಗೆ ಆರೇ ಕಿ.ಮೀ., ಎತ್ತರ 3,636. ಮಧ್ಯಾಹ್ನಕ್ಕೆ ತಲುಪಿ ಆ ದಿನ ಸುಮ್ಮನೆ ಕೂರುವುದೂ ಪ್ಲಾನಿನದೇ ಭಾಗ. ಕಾಲಿಪೋಖ್ರಿ ತಪ್ಪಿಸಿ ತುಮ್ಲಿಂಗ್‌ನಿಂದ ಒಂದೇ ದಿನಕ್ಕೆ ಸಂದಕ್‌ಫು ಹತ್ತಿದವರಿಗೂ, ಮಾನೆಭಂಜನ್‌ನಿಂದ ನೇರ ಜೀಪಿನಲ್ಲಿ ಬಂದವರಿಗೂ ರಾತ್ರಿ ತಲೆನೋವು, ವಾಕರಿಕೆ ಶುರುವಾಗುವುದು ಇದಕ್ಕೇ. ನೀರು ದಿನಕ್ಕೆ ಮೂರು ಲೀಟರ್ ಆದರೂ ಒಳಗೆ ಹೋಗಬೇಕು. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಎಂದು ಊರಲ್ಲೇ ಡಾಕ್ಟರನ್ನು ಕೇಳಬೇಕು, ಸಲ್ಫಾ ಅಲರ್ಜಿ ಇದ್ದರೆ ಬಾಯಿಬಿಟ್ಟು ಹೇಳಬೇಕು. ಮಾತ್ರೆ ನುಂಗಿ ತಲೆನೋವು ಮುಚ್ಚಿಟ್ಟು ಮೇಲೆ ಹೋಗಬಾರದು. ಕಡಿಮೆಯಾಗದಿದ್ದರೆ ಇಳಿಯುವುದೊಂದೇ ಔಷಧ.

ಸಂದಕ್‌ಫುಗೆ ಮುಂಚೆ ಬಿಖೆಭಂಜನ್ ಬರುತ್ತದೆ. ಬಿಖ್ ಅಂದರೆ ನಮ್ಮ ವಿಷವೇ. ವತ್ಸನಾಭಿ ಜಾತಿಯ ಗಿಡ ಅಲ್ಲಿ ಬೆಳೆಯುವುದರಿಂದ ಆ ಹೆಸರು. ಹೊಲದ ದಂಡೆಯಲ್ಲಿ ಕಡ್ಡಿ ಕಿತ್ತು ಹಲ್ಲಿಗಿಡುವ ಅಭ್ಯಾಸ ಇದ್ದವರು ಅಲ್ಲಿ ಕೈ ಕಟ್ಟಿಕೊಂಡು ನಡೆಯಬೇಕು.

ತಯಾರಿಗೆ ನಮಗೆ ಅಂಜನಾದ್ರಿಗಿಂತ ಒಳ್ಳೆ ಜಾಗ ಇಲ್ಲ. 575 ಮೆಟ್ಟಿಲು, ಒಂದಕ್ಕೆ ಅರ್ಧ ಅಡಿ ಹಿಡಿದರೆ ಸುಮಾರು 290 ಅಡಿ. ಮೊದಲ ದಿನದ ತುಮ್ಲಿಂಗ್ ಏರು 820 ಮೀಟರ್, ಹತ್ತಿರ ಹತ್ತಿರ 2,700 ಅಡಿ. ಅಂದರೆ ಅಂಜನಾದ್ರಿಯನ್ನು ಒಂದೇ ದಿನ ಒಂಬತ್ತು ಸಲ ಹತ್ತಿದ ಹಾಗೆ. ಎಂಟು ವಾರ, ವಾರಕ್ಕೆ ಎರಡು ದಿನ, ನಸುಕಿನ ಐದಕ್ಕೆ ಶುರು. ಮೊದಲು ಎರಡು ಸುತ್ತು ಬರಿಗೈಲಿ, ಕೊನೆಗೆ ಏಳು ಕೆ.ಜಿ. ಚೀಲ ಹೊತ್ತು ಐದು ಸುತ್ತು. ಬಳ್ಳಾರಿಯವರಿಗೆ ಕೋಟೆಗುಡ್ಡ ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಲಕ್ಷ್ಯವಿಟ್ಟು ಮಾಡಬೇಕು, ಏಕೆಂದರೆ ಫಾಲುಟ್‌ನಿಂದ ಗೋರ್ಖೆಗೆ ಒಂದೇ ದಿನ 1,270 ಮೀಟರ್ ಇಳಿಜಾರು. ಮೊಣಕಾಲು ಕೈಕೊಡುವುದು ಅಲ್ಲೇ. ಶೂ ಅರ್ಧ ಸೈಜು ದೊಡ್ಡದಿರಲಿ, ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಬೇಕು. ಇಲ್ಲದಿದ್ದರೆ ಇಳಿಯುವಾಗ ಬೆರಳು ಶೂಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಹಿಂದಿನ ರಾತ್ರಿ ಉಗುರು ಕತ್ತರಿಸಿ, ಇಳಿಯುವ ಮುನ್ನ ಲೇಸನ್ನು ಕಣಕಾಲ ಹತ್ತಿರ ಬಿಗಿ ಮಾಡಿ, ಕೋಲನ್ನು ನಾಲ್ಕು ಬೆರಳು ಉದ್ದ ಮಾಡಿಕೊಳ್ಳಬೇಕು.

ನವೆಂಬರ್ ರಾತ್ರಿ ಸಂದಕ್‌ಫುನಲ್ಲಿ ನೀರು ಹೆಪ್ಪುಗಟ್ಟುತ್ತದೆ. ನಮ್ಮ ಮನೆಗಳಲ್ಲಿ ಸ್ವೆಟರ್ ಇದ್ದರೆ ಅದೇ ದೊಡ್ಡದು, ಹಾಗಾಗಿ ಎಲ್ಲ ಹೊಸದಾಗಿ ಕೊಳ್ಳಬೇಕು. ಕಾಟನ್ ಬನಿಯನ್ ಬೇಡ. ಬೆವರು ಕುಡಿದು ನಿಂತಾಗ ಮೈ ಕೊರೆಯುತ್ತದೆ. ಬೇಗ ಒಣಗುವ ಬನಿಯನ್, ಫ್ಲೀಸ್, ಡೌನ್ ಜಾಕೆಟ್, ಮೇಲೆ ಗಾಳಿ-ಮಳೆ ತಡೆಯುವುದೊಂದು ಸಾಕು. ರಾತ್ರಿ ಅಡುಗೆಮನೆಯಲ್ಲಿ ಕುದಿನೀರು ಕೇಳಿ ಗಟ್ಟಿ ಬಾಟಲಿಗೆ ತುಂಬಿ, ಕಾಲುಚೀಲದಲ್ಲಿ ಸುತ್ತಿ, ಪಾದದ ಬಳಿ ಇಟ್ಟುಕೊಂಡರೆ ನಿದ್ದೆ ಬರುತ್ತದೆ. ಬೆಳಿಗ್ಗೆ ಅದೇ ಕುಡಿಯುವ ನೀರು. ಬಿಸ್ಲೇರಿಯಂಥ ತೆಳು ಬಾಟಲಿ ಕುದಿನೀರಿಗೆ ಮುದುಡಿಹೋಗುತ್ತದೆ. ಥಂಡಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಫೋನು, ಪವರ್‌ಬ್ಯಾಂಕು ರಜಾಯಿಯೊಳಗೇ ಮಲಗಬೇಕು.

ಫೋನಿನದು ಇನ್ನೊಂದು ಕಾಟ. ಗಡಿಯೇ ಗುಡ್ಡದ ಬೆನ್ನ ಮೇಲೆ ಹಾದಿರುವುದರಿಂದ ಅದು ಎಲ್ಲೆಂದರಲ್ಲಿ ನೇಪಾಳದ ನೆಟ್‌ವರ್ಕ್ ಹಿಡಿಯುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ, ಅಲಾರಂ ಅದರ ಲೆಕ್ಕದಲ್ಲೇ ಕೂಗುತ್ತದೆ. ಆಟೊಮ್ಯಾಟಿಕ್ ಸಮಯ, ರೋಮಿಂಗ್ ಎರಡನ್ನೂ ಮಾನೆಭಂಜನ್‌ನಲ್ಲೇ ಆಫ್ ಮಾಡಬೇಕು. ಗುರುತಿನ ಚೀಟಿ ಮಾತ್ರ ಮೇಲಿನ ಜೇಬಿನಲ್ಲಿರಲಿ, ಸಶಸ್ತ್ರ ಸೀಮಾ ಬಲದವರು ದಾರಿಯಲ್ಲಿ ಕೇಳುತ್ತಾರೆ.

ಊಟ ದಾಲ್-ಭಾತ್, ಥುಕ್ಪಾ ಎಂಬ ನೂಡಲ್ಸ್ ಸೂಪು, ಮೊಮೊ. ಮೂರನೇ ದಿನಕ್ಕೆ ನಾಲಿಗೆ ಸೋಲುತ್ತದೆ. ಕಾಲು ಕೆ.ಜಿ. ಶೇಂಗಾ ಹಿಂಡಿ, ಅಷ್ಟೇ ಗುರೆಳ್ಳು ಪುಡಿ ಒಯ್ದರೆ ಆ ಸಪ್ಪೆ ಬೇಳೆಯೂ ನಮ್ಮದಾಗುತ್ತದೆ. ಸಜ್ಜೆಯ ಖಡಕ್ ರೊಟ್ಟಿ ಬೇಡ: ಚೀಲದಲ್ಲಿ ನುಚ್ಚಾಗುತ್ತದೆ, ಒಣಗಿದ ಬಾಯಲ್ಲಿ ಇಳಿಯುವುದಿಲ್ಲ. ಶೇಂಗಾ ಚಿಕ್ಕಿ ದಿನಕ್ಕೆ ನಾಲ್ಕು ತುಂಡು ಸಾಕು.

ಸಂದಕ್‌ಫು–ಫಾಲುಟ್ ದಿನಕ್ಕೆ ಚಿಕ್ಕಿ ಎರಡರಷ್ಟು ಬೇಕು. 21 ಕಿ.ಮೀ., ಏಳೆಂಟು ತಾಸು. ಬಲಕ್ಕೆ ಕಾಂಚನಜುಂಗಾ, ಎಡಕ್ಕೆ ದೂರದಲ್ಲಿ ಮಕಾಲು, ಅದರ ಹಿಂದೆ ಚಿಕ್ಕದಾಗಿ ಎವರೆಸ್ಟ್. ನೋಡಲು ಎಷ್ಟು ಉಂಟೋ ನೀರು ಅಷ್ಟೇ ಕಡಿಮೆ. ಎರಡು ಲೀಟರ್, ಕಟ್ಟಿಸಿಕೊಂಡ ಬುತ್ತಿ, ಬೆಳಿಗ್ಗೆ ಏಳರೊಳಗೆ ಹೊರಡುವುದು. ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆ ಕತ್ತಲೆ. ಸಬರ್‌ಗ್ರಾಮದಲ್ಲಿ ಗಡಿಯಾರ ನೋಡಿ ತೀರ್ಮಾನ ಮಾಡಬೇಕು: ಮಧ್ಯಾಹ್ನ ಎರಡು ದಾಟಿದ್ದರೆ, ಇಲ್ಲವೇ ಯಾರದಾದರೂ ಕಾಲು ಎಳೆಯುತ್ತಿದ್ದರೆ ಕೆಳಗಿನ ಮೋಲೆಯ ಹಟ್‌ಗೆ ಇಳಿಯುವುದು, ಫಾಲುಟ್‌ನ ಹಾಸಿಗೆ ಹೋದರೆ ಹೋಯಿತು.

ಗೋರ್ಖೆಯಿಂದ ಶ್ರೀಖೋಲಾಕ್ಕೆ ಇನ್ನೊಂದು ದಿನ. ಅಲ್ಲಿಂದ ರಿಂಬಿಕ್ ಮೂಲಕ ಕೆಳಗಿಳಿಯುವ ಶೇರ್ ಜೀಪುಗಳು ಬೆಳಗಿನ ಜಾವವೇ ಹೊರಡುತ್ತವೆ. ಸೀಟನ್ನು ಹಿಂದಿನ ಸಂಜೆಯೇ ಹೇಳಿಡಬೇಕು, ವಾಪಸ್ ರೈಲನ್ನು ಅದೇ ರಾತ್ರಿಗಲ್ಲ, ಮರುದಿನಕ್ಕೆ ಮಾಡಿಸಬೇಕು.