ಐಷಾರಾಮಿ ಮನೆ: ಕಲ್ಲು, ಮರ, ಗಾಜು ಆರಿಸುವುದು ಹೇಗೆ?

ಐಷಾರಾಮಿ ಮನೆಗಳ ಒಲವು ಈಚೆಗೆ ಬದಲಾಗಿದೆ. ಪಳಪಳ ಹೊಳೆಯುವ ನೆಲದ ಜಾಗಕ್ಕೆ ಹೊಳಪು ತಗ್ಗಿಸಿದ ಕಲ್ಲು ಬಂದಿದೆ. ಬೂದು ಬಣ್ಣ ಹಿಂದೆ ಸರಿದು ಮಣ್ಣಿನ ಛಾಯೆಗಳು ಮುಂದೆ ಬಂದಿವೆ. ಗೋಡೆಗೆ ಸುಣ್ಣದ ಗಾರೆ, ಬಾಗಿಲಿಗೆ ಕಮಾನು, ನೆಲದಿಂದ ಚಾವಣಿವರೆಗೆ ಗಾಜು. ಎಲ್ಲವೂ ಚೆಲುವಾಗಿಯೇ ಇವೆ, ಎಲ್ಲವೂ ಒಂದು ದಿನ ಹಳತಾಗುತ್ತವೆ. ಹಳತಾದಾಗ ಗೋಡೆ ಒಡೆಯಬೇಕೋ, ಬರೀ ಪರದೆ ಬದಲಿಸಿದರೆ ಸಾಕೋ ಎಂಬುದನ್ನು ಮಾತ್ರ ಇಂದೇ ತೀರ್ಮಾನಿಸಬಹುದು.

1. ಪಟ್ಟಿಯನ್ನು ಎರಡು ಮಾಡಿ

ಒಡೆಯದೆ ಬದಲಿಸಲಾಗದ್ದು ಒಂದು ಕಡೆ: ಚಾವಣಿಯ ಎತ್ತರ, ಕಿಟಕಿಯ ದಿಕ್ಕು, ಜಲನಿರೋಧಕ ಲೇಪ, ಗೋಡೆಯೊಳಗಿನ ವೈರು ಮತ್ತು ಕೊಳವೆ, ನೆಲದ ಕಲ್ಲು. ಸುಲಭವಾಗಿ ಬದಲಾಗುವುದು ಇನ್ನೊಂದು ಕಡೆ: ಬಣ್ಣ, ದೀಪ, ಪರದೆ, ಕಪಾಟಿನ ಹಿಡಿಕೆ. ಮೊದಲ ಪಟ್ಟಿಗೆ ಹಣ ಸುರಿಯಿರಿ, ಎರಡನೆಯದರಲ್ಲಿ ಫ್ಯಾಷನ್ ಮಾಡಿ. ಬಹಳಷ್ಟು ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಕಣ್ಣಿಗೆ ಕಾಣುವುದಕ್ಕೆ ಖರ್ಚು ಮಾಡಿ, ಕಾಣದ ಕೊಳವೆಯಲ್ಲಿ ಉಳಿತಾಯ ಹುಡುಕುತ್ತಾರೆ.

2. ಬಿಸಿಲು ನೋಡಿ ಗಾಜು ಆರಿಸಿ

ಪೂರ್ವ, ಪಶ್ಚಿಮದ ಬಿಸಿಲು ತಗ್ಗಿನಿಂದ ಓರೆಯಾಗಿ ಬರುತ್ತದೆ. ಅದಕ್ಕೆ ಮೇಲಿನ ಸಜ್ಜಾ ಅಡ್ಡ ಬರುವುದಿಲ್ಲ. ಲಂಬವಾದ ಪಟ್ಟಿಗಳೋ ಹೊರಗಿನ ತೆರೆಯೋ ಬೇಕು. ಸೆಖೆಯ ಊರಿನಲ್ಲಿ ಸೂರ್ಯನ ಶಾಖವನ್ನು ಹೊರಗೇ ತಡೆಯುವ ಲೋ-ಇ ಲೇಪನದ ಜೋಡಿ ಗಾಜು, ಚಳಿಯ ಊರಿನಲ್ಲಿ ಬಿಸಿಲನ್ನು ಒಳಬಿಟ್ಟು ಕೋಣೆಯ ಶಾಖವನ್ನು ಹಿಡಿದಿಡುವ ಬಗೆ. ಎರಡೂ ‘ಲೋ-ಇ’ ಹೆಸರಿನಲ್ಲೇ ಬರುವುದರಿಂದ ಯಾವುದೆಂದು ಕೇಳಿ ಬರೆಸಿಕೊಳ್ಳಿ. ಟಫನ್ಡ್ ಗಾಜನ್ನು ಹದಗೊಳಿಸಿದ ಮೇಲೆ ಕತ್ತರಿಸಲಾಗದು, ತೂತು ಕೊರೆಯಲೂ ಆಗದು; ಅಳತೆಯನ್ನು ಚೌಕಟ್ಟು ಕೂರಿಸಿದ ನಂತರವೇ ಕೊಡಿ. ತಲೆಯ ಮೇಲಿನ ಗಾಜಿಗೂ ಮೆಟ್ಟಿಲ ಪಕ್ಕದ ತಡೆಗೂ ಲ್ಯಾಮಿನೇಟೆಡ್ ಗಾಜೇ ಆಗಬೇಕು. ಒಡೆದರೂ ಅದರ ಚೂರುಗಳು ನಡುವಿನ ಪದರಕ್ಕೆ ಅಂಟಿಕೊಂಡು ನಿಲ್ಲುತ್ತವೆ.

3. ಕಲ್ಲನ್ನು ಪರೀಕ್ಷಿಸಿ

ಹೆಚ್ಚು ಹಣವೂ ಹೆಚ್ಚು ಪಶ್ಚಾತ್ತಾಪವೂ ಇಲ್ಲಿಯೇ. ಅಮೃತಶಿಲೆ ಮೂಲತಃ ಕ್ಯಾಲ್ಸಿಯಂ ಕಾರ್ಬೋನೇಟ್. ಹುಳಿ ತಾಗಿದರೆ ಕರಗುತ್ತದೆ. ಗಡಸುತನದ ಮೋಸ್ ಮಾಪಕದಲ್ಲಿ ಅದರ ಸ್ಥಾನ ಸುಮಾರು 3, ಗ್ರಾನೈಟಿನದು 6ರಿಂದ 7.

ಮಾದರಿಯ ತುಂಡೊಂದನ್ನು ಮನೆಗೆ ತನ್ನಿ. ಪಾಲಿಶ್ ಇರುವ ಕಡೆ ಒಂದು ಹನಿ ನಿಂಬೆರಸ ಬಿಟ್ಟು, ಕಾಲು ಗಂಟೆಯ ಬಳಿಕ ಒರೆಸಿ, ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹನಿ ಬಿದ್ದ ಜಾಗದಲ್ಲಿ ಮಂಕಾದ ವೃತ್ತ ಕಂಡರೆ ಅದು ಅಮೃತಶಿಲೆಯ ಬಳಗದ ಕಲ್ಲು. ಅದು ಕಲೆಯಲ್ಲ, ಕಲ್ಲೇ ಸವೆದ ಗುರುತು. ಎಷ್ಟು ತೊಳೆದರೂ ಹೋಗದು, ಮತ್ತೆ ಪಾಲಿಶ್ ಮಾಡಿಸಬೇಕು. ‘ಸೀಲರ್ ಹಾಕಿಬಿಡುತ್ತೇವೆ, ಚಿಂತೆ ಬೇಡ’ ಎಂಬ ಮಾತಿಗೆ ಮರುಳಾಗಬೇಡಿ. ಎಣ್ಣೆ, ಕಾಫಿ ಒಳಕ್ಕಿಳಿಯುವುದನ್ನು ಸೀಲರ್ ನಿಧಾನಗೊಳಿಸುತ್ತದೆಯೇ ಹೊರತು ಹುಳಿಯ ಕಡಿತವನ್ನು ತಡೆಯುವುದಿಲ್ಲ.

ಅಡುಗೆಕಟ್ಟೆಗೆ ಬಿಳಿ ಅಮೃತಶಿಲೆಯೇ ಬೇಕೆಂದರೆ ಹೊಳಪಿಲ್ಲದ ಬಗೆಯನ್ನು ಹಾಕಿಸಿ, ಗುರುತುಗಳ ಜೊತೆ ಬಾಳಲು ಸಿದ್ಧರಾಗಿ. ಅದೇ ನೋಟ, ಕಡಿಮೆ ತಲೆನೋವು ಬೇಕಾದವರಿಗೆ ಕ್ವಾರ್ಟ್ಜೈಟ್ ಎಂಬ ಗಟ್ಟಿಯಾದ ನೈಸರ್ಗಿಕ ಕಲ್ಲು ಇದೆ. ಮೆದು ಅಮೃತಶಿಲೆಯನ್ನೇ ಆ ಹೆಸರಿನಲ್ಲಿ ದಾಟಿಸುವುದೂ ಉಂಟು. ತುಂಡಿನ ಅಂಚಿನಿಂದ ಹಳೆಯ ಗಾಜಿನ ಸೀಸೆಯನ್ನು ಗೀರಿ ನೋಡಿ: ನಿಜವಾದ ಕ್ವಾರ್ಟ್ಜೈಟ್ ಗಾಜಿನ ಮೇಲೆ ಗೀರು ಮೂಡಿಸುತ್ತದೆ, ಅಮೃತಶಿಲೆ ಜಾರುತ್ತದೆ.

ಕೃತಕ ಕ್ವಾರ್ಟ್ಜ್ ಚಪ್ಪಡಿಯಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುವುದು ರಾಳ. ಬಿಸಿ ಪಾತ್ರೆ ನೇರವಾಗಿ ಇಟ್ಟರೆ ಗುರುತು ಬೀಳುತ್ತದೆ, ಬಯಲಿನ ಬಿಸಿಲಿಗೆ ಬಣ್ಣ ಕೆಡುತ್ತದೆ. ಕತ್ತರಿಸುವಾಗ ಏಳುವ ಸಿಲಿಕಾ ದೂಳು ಕೆಲಸಗಾರರ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ. ಈ ಕಾರಣಕ್ಕೇ ಆಸ್ಟ್ರೇಲಿಯ 2024ರ ಜುಲೈ 1ರಿಂದ ಇಂಥ ಚಪ್ಪಡಿಗಳನ್ನು ನಿಷೇಧಿಸಿತು. ಯಾವ ಕಲ್ಲೇ ಇರಲಿ, ನಿಮ್ಮ ಅಂಗಳದಲ್ಲಿ ಒಣಗರಗಸ ಆಡಲು ಬಿಡಬೇಡಿ. ನೀರು ಹರಿಸಿ ಕತ್ತರಿಸಲಿ.

ಗೆರೆಗಳುಳ್ಳ ಕಲ್ಲಿಗೆ ಬೇರೆ ಅಲಂಕಾರ ಬೇಡ. ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋಹೆ ಮತ್ತು ವಿನ್ಯಾಸಗಾರ್ತಿ ಲಿಲಿ ರೈಶ್ 1929ರಲ್ಲಿ ರೂಪಿಸಿದ ಬಾರ್ಸಿಲೋನಾ ಪೆವಿಲಿಯನ್ ಎಂಬ ಪ್ರದರ್ಶನ ಕಟ್ಟಡದಲ್ಲಿ ಹೊಂಬಣ್ಣದ ಓನಿಕ್ಸ್ ಕಲ್ಲಿನ ಗೋಡೆಯೊಂದೇ ಇಡೀ ಕೋಣೆಯನ್ನು ಆಳುತ್ತದೆ. ಅಕ್ಕಪಕ್ಕದ ಎರಡು ಚಪ್ಪಡಿಗಳನ್ನು ತೆರೆದ ಪುಸ್ತಕದಂತೆ ಜೋಡಿಸುವ ಬುಕ್‌ಮ್ಯಾಚ್ ನಿಮಗೂ ಬೇಕಿದ್ದರೆ, ಒಂದೇ ಬಂಡೆಯಿಂದ ಒಂದರ ಹಿಂದೆ ಒಂದು ಕೊಯ್ದ ಚಪ್ಪಡಿಗಳನ್ನೇ ಕೇಳಿ. ಗೋದಾಮಿಗೆ ನೀವೇ ಹೋಗಿ, ಕ್ರಮಸಂಖ್ಯೆ ಸಹಿತ ಫೋಟೊ ತೆಗೆದುಕೊಳ್ಳಿ. ಅಂಟು ಬಳಿಯುವ ಮೊದಲು ನೆಲದ ಮೇಲೆ ಒಮ್ಮೆ ಹರಡಿ ನೋಡದೆ ಮೇಸ್ತ್ರಿಗೆ ಒಪ್ಪಿಗೆ ಕೊಡಬೇಡಿ.

4. ಮರಕ್ಕೆ ಸಮಯ ಕೊಡಿ

ಮರ ತೇವಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ, ಅದೂ ಮುಖ್ಯವಾಗಿ ಅಗಲದ ದಿಕ್ಕಿನಲ್ಲಿ. ಹಾಗಾಗಿ ಈಗ ಮೆಚ್ಚುಗೆ ಪಡೆದಿರುವ ಅಗಲ ಹಲಗೆಯೇ ಹೆಚ್ಚು ತೊಂದರೆ ಕೊಡುವುದು. ಅಡ್ಡಡ್ಡ ಪದರಗಳ ಮೇಲೆ ನಿಜವಾದ ಮರದ ಹೊದಿಕೆ ಇರುವ ಎಂಜಿನಿಯರ್ಡ್ ಹಲಗೆ ಇಂಥ ಕಡೆ ವಾಸಿ. ಗಿಲಾವು ಪೂರ್ತಿ ಒಣಗಿದ ಮೇಲೆ ಹಲಗೆಗಳನ್ನು ಕೆಲವು ದಿನ ಅದೇ ಕೋಣೆಯಲ್ಲಿ ಇಟ್ಟು, ನಂತರ ಹಾಸಿರಿ. ಗೋಡೆಯ ಬಳಿ 10-12 ಮಿಲಿಮೀಟರ್ ಸಂದು ಬಿಡಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ.

5. ಸ್ನಾನದ ಮನೆ

ಟೈಲ್ಸ್ ನೀರನ್ನು ತಡೆಯುವುದಿಲ್ಲ, ಅದರ ಕೆಳಗಿನ ಲೇಪ ತಡೆಯುತ್ತದೆ. ಲೇಪವನ್ನು ಗೋಡೆಗೂ ಏರಿಸಿ, ಒಣಗಿದ ಮೇಲೆ ನೆಲದಲ್ಲಿ ಕನಿಷ್ಠ 24 ಗಂಟೆ ನೀರು ನಿಲ್ಲಿಸಿ, ಕೆಳಗಿನ ಚಾವಣಿಯನ್ನು ನೋಡಿಕೊಂಡು ಬನ್ನಿ. ಸಂದುಗಳೇ ಇಲ್ಲದ ನೆಲ ಬೇಕೆಂದು ದೊಡ್ಡ ಚಪ್ಪಡಿ ಹಾಕಿಸುವವರು ಇಳಿಜಾರನ್ನು ಮರೆಯುತ್ತಾರೆ. ನಡುವೆ ನೀರು ಹೋಗುವ ಒಂದು ಜಾಲರಿ ಇಟ್ಟರೆ ನಾಲ್ಕೂ ದಿಕ್ಕಿನಿಂದ ಇಳಿಜಾರು ಬೇಕು, ದೊಡ್ಡ ಚಪ್ಪಡಿ ಹಾಗೆ ಬಾಗದು. ಗೋಡೆಯಂಚಿನಲ್ಲಿ ಉದ್ದನೆಯ ಜಾಲರಿ ಇಟ್ಟರೆ ಒಂದೇ ದಿಕ್ಕಿನ ಇಳಿಜಾರು ಸಾಕು. ಜಾರದಂತೆ ತಡೆಯುವ ಗುಣದ ಅಂಕ ಆರ್10ಕ್ಕಿಂತ ಕಡಿಮೆ ಇರುವ ಟೈಲ್ಸ್ ಇಲ್ಲಿ ಬೇಡ.

6. ಕೈ ತಾಗುವ ಲೋಹ

ಹಿಡಿಕೆ, ನಲ್ಲಿಗಳನ್ನು ದಿನವೂ ಮುಟ್ಟುತ್ತೀರಿ. ಟೊಳ್ಳು ಸರಕು ಕೈಗೇ ಗೊತ್ತಾಗುತ್ತದೆ. ಲೇಪವಿಲ್ಲದ ಹಿತ್ತಾಳೆ ಕ್ರಮೇಣ ಕಂದುಗಟ್ಟುತ್ತದೆ. ಅದು ಹಿಡಿಸದವರಿಗೆ ಪಿವಿಡಿ (ನಿರ್ವಾತದಲ್ಲಿ ಕೂರಿಸುವ ತೆಳುವಾದ ಗಟ್ಟಿ ಪದರ) ಲೇಪನದ್ದು ಸರಿ. ಸಮುದ್ರದ ಬಳಿ 304 ದರ್ಜೆಯ ಸ್ಟೀಲ್ ತುಕ್ಕಿನ ಚುಕ್ಕೆ ತೋರಿಸುತ್ತದೆ, 316 ತೆಗೆದುಕೊಳ್ಳಿ.

7. ಕೊನೆಯ ಆಯ್ಕೆ ದೀಪದಡಿಯಲ್ಲಿ

ಅಂಗಡಿಯ ಬೆಳಕನ್ನು ನಂಬಬೇಡಿ. 2700ರಿಂದ 3000 ಕೆಲ್ವಿನ್‌ನ ಬೆಚ್ಚನೆಯ ಹಳದಿ ಬಣ್ಣದ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚಿರುವ ದೀಪ ತಂದು, ನಿಮ್ಮ ಕೋಣೆಯಲ್ಲೇ ಮಾದರಿಗಳನ್ನು ಒಟ್ಟಿಗೆ ಇಟ್ಟು ಹಗಲಲ್ಲೂ ರಾತ್ರಿಯಲ್ಲೂ ನೋಡಿ. ಗೋಡೆಯ ಮಾದರಿ ನಿಂತಿರಲಿ, ನೆಲದ್ದು ಮಲಗಿರಲಿ. ಆಯ್ಕೆ ಮುಗಿದ ಮೇಲೆ ಟೈಲ್ಸ್, ಹಲಗೆಗಳನ್ನು ಒಂದೇ ಬ್ಯಾಚಿನಿಂದ ಶೇ 10ರಷ್ಟು ಹೆಚ್ಚು ತರಿಸಿ. ಉಳಿದ ಪೆಟ್ಟಿಗೆಯ ಮೇಲೆ ಬ್ಯಾಚ್ ಸಂಖ್ಯೆ ಹರಿಯದಂತೆ ನೋಡಿಕೊಂಡು ಉಗ್ರಾಣದಲ್ಲಿ ಇಡಿ.