ಹೊಸ ಗಾಡಿ ಹಂಚುವುದು ಬಿಟ್ಟೆವು, ರಿಪೇರಿ ಹಿಡಿದೆವು: ಒಂದು ದತ್ತಿಯ ಅನುಭವ

ಮೇಷ್ಟ್ರು ದಂಪತಿ ಬಿಟ್ಟುಹೋದ ದುಡ್ಡನ್ನು ಅಂಗವಿಕಲರ ಟ್ರೈಸಿಕಲ್‌ಗಳ ಟ್ಯೂಬು, ಚೈನು, ಬೇರಿಂಗ್‌ಗೆ ಹಾಕೋಣ ಎಂದಾಗ ನಮ್ಮ ಟ್ರಸ್ಟಿಗಳೇ ಮುಖ ಸಿಂಡರಿಸಿದರು. ‘ದತ್ತಿ ಹೆಸರಲ್ಲಿ ಪಂಚರ್ ಅಂಗಡಿ ಇಡ್ತೀರಾ?’ ಎಂದರು ಒಬ್ಬರು. ಈಗ ನಾಲ್ಕನೇ ವರ್ಷ. ಪಕ್ಕದ ತಾಲೂಕಿನ ಟ್ರಸ್ಟಿನವರು ನಮ್ಮ ಲೆಕ್ಕದ ಪುಸ್ತಕ ನೋಡಿಕೊಂಡು ಹೋಗಿದ್ದಾರೆ!

ಗಂಡ ಹೆಂಡತಿ ಇಬ್ಬರೂ ಪಾಠ ಹೇಳಿದವರು. ಮಕ್ಕಳಿರಲಿಲ್ಲ. ಮನೆ ಮಾರಿದ್ದು, ಉಳಿಸಿದ್ದು ಎಲ್ಲ ಸೇರಿ ಸುಮಾರು 40 ಲಕ್ಷ. ಕಾರ್ಪಸ್, ಅಂದರೆ ಮುಟ್ಟದೆ ಇಡುವ ಮೂಲಧನ ಅಂತ ತೋರಿಸಿ ಎಫ್‌ಡಿ ಇಟ್ಟೆವು. ಬಡ್ಡಿ ವರ್ಷಕ್ಕೆ ಎರಡೂಮುಕ್ಕಾಲು ಲಕ್ಷದ ಆಸುಪಾಸು. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಅದರಲ್ಲಿ ಶೇ. 85 ಖರ್ಚು ತೋರಿಸಬೇಕು.

ಮೊದಲ ವರ್ಷ ಎಲ್ಲರ ಹಾಗೆ ವಿತರಣಾ ಸಮಾರಂಭ. ಶಾಮಿಯಾನ, ಮೈಕು, ಹಾರ, ಊಟಕ್ಕೇ 60 ಸಾವಿರ ಹೋಯಿತು. ಉಳಿದದ್ದರಲ್ಲಿ ಇಪ್ಪತ್ತರಷ್ಟು ಟ್ರೈಸಿಕಲ್. ಮಳೆಗಾಲ ಮುಗಿಯುವಷ್ಟರಲ್ಲಿ ಅರ್ಧ ಗಾಡಿ ಕೊಟ್ಟಿಗೆ ಸೇರಿದ್ದವು. ಒಂದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ನೋಡಿದರೆ ದೊಡ್ಡ ತೊಂದರೆ ಏನೂ ಇಲ್ಲ. ಟ್ಯೂಬು ತೂತು, ಚೈನಿಗೆ ತುಕ್ಕು.

ಅಂಗವಿಕಲರಿಗೆ ಸಾಧನ ಕೊಡುವ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಪಡೆದರೆ ಅದೇ ಉದ್ದೇಶಕ್ಕೆ ಮೂರು ವರ್ಷ ಮತ್ತೆ ಕೇಳೋ ಹಾಗಿಲ್ಲ. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ನಮ್ಮ ರಸ್ತೆಗಳಲ್ಲಿ ಗಾಡಿ ಆರು ತಿಂಗಳಿಗೇ ಕೈಕೊಡುತ್ತದೆ. ಆ ನಡುವಿನ ಕಾಲಕ್ಕೆ ಯಾರೂ ದುಡ್ಡು ಇಟ್ಟಿರುವುದಿಲ್ಲ. ನಾವು ಕೈಹಾಕಿದ್ದು ಅಲ್ಲಿಗೇ.

ಹೋಬಳಿಗೊಂದು ಸೈಕಲ್ ಶಾಪ್ ಗೊತ್ತು ಮಾಡಿದೆವು. ಗಾಡಿ ಕೆಟ್ಟರೆ ಪಂಚಾಯಿತಿಯ ವಿಆರ್‌ಡಬ್ಲ್ಯು (ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು) ಫೋನ್ ಮಾಡುತ್ತಾರೆ, ಅಂಗಡಿಯವರು ಕೆಲಸ ಮುಗಿಸಿ ಫೋಟೋ ಕಳಿಸುತ್ತಾರೆ. 1,200 ರೂಪಾಯಿವರೆಗೆ ಮೀಟಿಂಗ್ ಬೇಡ. ಮೊದಮೊದಲು ಅಂಗಡಿಯವರು ಗಾಡಿ ಮುಟ್ಟುತ್ತಲೇ ಇರಲಿಲ್ಲ. ಟ್ರಸ್ಟಿನ ಚೆಕ್ ಅಂದರೆ ತಿಂಗಳುಗಟ್ಟಲೆ ಅಲೆಯಬೇಕು ಅನ್ನೋ ಭಯ. ಶನಿವಾರ ಶನಿವಾರ ಖಾತೆಗೆ ಹಾಕತೊಡಗಿದ ಮೇಲೆ ದಾರಿಗೆ ಬಂದರು. ಒಬ್ಬ ಮಹಾಶಯ ಒಂದೇ ಟೈರಿಗೆ ಎರಡು ಬಿಲ್ ಕೊಟ್ಟ. ಈಗ ಟೈರಿನ ಮೇಲೆ ನಮ್ಮದೊಂದು ಗುರುತು ಇರುತ್ತದೆ. ಏನು, ಎಲ್ಲಿ ಅಂತ ಹೇಳಲ್ಲ. ಅಂಗಡಿಯವರೂ ಇದನ್ನು ಓದುತ್ತಾರೆ.

ನಡುವೆ ಗಟ್ಟಿ ರಬ್ಬರಿನ ಟೈರ್ ಹಾಕಿಸಿ ನೋಡಿದೆ. ಪಂಚರ್ ಕಾಟ ತಪ್ಪಿತು, ನಿಜ. ಆದರೆ ಮಣ್ಣು ರಸ್ತೆಯಲ್ಲಿ ಕೈಯಿಂದ ತುಳಿಯುವವರ ರಟ್ಟೆ ಬಿದ್ದುಹೋಗುತ್ತಿತ್ತು. ಮತ್ತೆ ಟ್ಯೂಬಿಗೇ ಬಂದೆವು.

ಹಿಯರಿಂಗ್ ಏಡ್ ಸೆಲ್ಲಿನದು ಬೇರೆಯೇ ಕಥೆ. 675 ನಂಬರಿನದು, ನೀಲಿ ಸ್ಟಿಕ್ಕರ್ ಇರುತ್ತದಲ್ಲ, ವರ್ಷಕ್ಕಾಗುವಷ್ಟು ಒಟ್ಟಿಗೆ ಕೊಟ್ಟೆವು. ಒಂದು ಮನೆಯಲ್ಲಿ ಮಗು ಆಟಕ್ಕೆ ಎಲ್ಲ ಸ್ಟಿಕ್ಕರ್ ಕಿತ್ತು ಗೋಡೆಗೆ ಅಂಟಿಸಿತ್ತು. ಗಾಳಿ ತಾಗಿದ ಮೇಲೆ ಆ ಸೆಲ್ ಬಳಸಿದರೂ ಬಿಟ್ಟರೂ ಇಳಿಯುತ್ತಲೇ ಹೋಗುತ್ತದೆ. ಈಗ ಒಂದೇ ಸ್ಟ್ರಿಪ್, ಹಳೇ ಸೆಲ್ ತಂದರೆ ಮುಂದಿನದು.

ಎಲ್ಲಕ್ಕಿಂತ ಜಾಸ್ತಿ ಜಗಳ ಆಗಿದ್ದು ಜೊತೆಗಾರರ ಕೂಲಿಗೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ತಪಾಸಣೆ ಅಂದರೆ ತಾಯಿಯೋ ಅಣ್ಣನೋ ಒಂದು ದಿನದ ದುಡಿಮೆ ಬಿಟ್ಟು ಆಸ್ಪತ್ರೆಗೆ ಬರಬೇಕು. ಅದಕ್ಕೇ ಎಷ್ಟೋ ಜನ ಹೋಗುತ್ತಲೇ ಇರಲಿಲ್ಲ. ಜೊತೆಗೆ ಬಂದವರಿಗೆ 400 ರೂಪಾಯಿ ಕೊಡತೊಡಗಿದೆವು. ‘ಇದೆಂಥ ದಾನ?’ ಎಂದು ಆಡಿಟರ್ ಗೊಣಗಿದರು. ವೋಚರ್, ಸಹಿ, ತಪಾಸಣೆ ಚೀಟಿಯ ಪ್ರತಿ ಎಲ್ಲ ಜೋಡಿಸಿಟ್ಟೆ. ಸುಮ್ನಾದರು. ಒಂದು ಟ್ರೈಸಿಕಲ್ ದುಡ್ಡಲ್ಲಿ ಇಪ್ಪತ್ತು ಜನ ಕಾರ್ಡ್ ಮಾಡಿಸಿಕೊಂಡರು. ಕಾರ್ಡ್ ಬಂದರೆ ಪಿಂಚಣಿ, ಬಸ್ ಪಾಸಿಗೆ ಓಡಾಡುವುದು ಸಲೀಸು.

ಈ ಸಲ ಬಡ್ಡಿಯಲ್ಲಿ ಇನ್ನೂ 30 ಸಾವಿರದಷ್ಟು ಉಳಿದಿದೆ. ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್‌ನ ಬೆಲ್ಟ್ ಹೊಲಿಯಲು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ರಿಪೇರಿ ಮಾಡುವವರೊಬ್ಬರನ್ನು ಒಪ್ಪಿಸಿದ್ದೇನೆ. ಚರ್ಮ ಅವರದೇ, ಬಕಲ್ ನಮ್ಮದು. ಮಾರ್ಚ್ ಒಳಗೆ ಮೊದಲ ಬಿಲ್ ಬರಬೇಕು.